ಒಂದು ಆಟದ ಮರುಮೌಲ್ಯಮಾಪನ



ಈ ಸಲದ ಬರಹದ ವಿಷಯ ತಿಳಿದರೆ ನಿಮ್ಮಲ್ಲಿ ಹಲವರು ನಕ್ಕುಬಿಡುತ್ತೀರಿ. ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಚುಕ್ಕಿಯಾಟ ಆಡಿದವರನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದ ನಿಮ್ಮ ಗಣಿತದ ಅಕ್ಕೋರು ಈಗ ವಿಡಿಯೋ ಗೇಮಿನ ಬಗ್ಗೆ ಬರೆಯಲು ಕುಳಿತಿದ್ದಾರೆ! ಬರೀ ಬರೆಯುವುದಷ್ಟೇ ಅಲ್ಲ, ಆಡಿಯೂ ಇದ್ದೇನೆ. ಆಡದೆ ಅಭಿಪ್ರಾಯ ಹೇಳುವುದು ಲೆಕ್ಕ ಬಿಡಿಸದೆ ಉತ್ತರ ಬರೆದಂತೆ. ಅದಕ್ಕೆ ನಾನು ಎಂದೂ ಅಂಕ ಕೊಟ್ಟವಳಲ್ಲ.

ಆಟದ ಹೆಸರು 'ನೋ ಮ್ಯಾನ್ಸ್ ಸ್ಕೈ'. ಇಂಗ್ಲೆಂಡಿನ ಗಿಲ್ಫರ್ಡ್ ಎಂಬ ಊರಿನ 'ಹೆಲೋ ಗೇಮ್ಸ್' ಎಂಬ ಪುಟ್ಟ ಸಂಸ್ಥೆ ಅದನ್ನು 2016ರ ಆಗಸ್ಟಿನಲ್ಲಿ ಹೊರತಂದಿತು. ಆ ವರ್ಷ ಗಣೇಶ ಹಬ್ಬಕ್ಕೆಂದು ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದಾಗ ನಮ್ಮ ಅಳಿಯಂದಿರ ಮುಖ ಸಪ್ಪಗಿತ್ತು. ಏನಾಯಿತೆಂದು ಕೇಳಿದೆ. "ಏನಿಲ್ಲ ಅತ್ತೆ, ಒಂದು ಆಟಕ್ಕಾಗಿ ಎರಡು ವರ್ಷ ಕಾದಿದ್ದೆ. ಅವರು ಹೇಳಿದ್ದೊಂದು, ಕೊಟ್ಟಿದ್ದೊಂದು" ಎಂದರು. ಮಕ್ಕಳ ತಂದೆಯಾದವರು ಆಟಕ್ಕಾಗಿ ಇಷ್ಟು ಕೊರಗುವುದೇ ಎಂದು ಒಳಗೊಳಗೇ ನಕ್ಕಿದ್ದೆ. ಆ ನಗುವನ್ನು ಈಗ ಹಿಂತೆಗೆದುಕೊಂಡಿದ್ದೇನೆ.

2020ರ ಲಾಕ್‌ಡೌನ್ ದಿನಗಳಲ್ಲಿ ನಾನು ಊರಿಗೆ ಮರಳಲಾಗದೆ ಅವರ ಮನೆಯಲ್ಲೇ ಉಳಿದೆ. ಅಳಿಯಂದಿರು ನಾಲ್ಕು ವರ್ಷ ಮೂಲೆಗೆ ತಳ್ಳಿದ್ದ ಅದೇ ಆಟವನ್ನು ಮತ್ತೆ ತೆರೆದು ಮಗನೊಂದಿಗೆ ಆಡುತ್ತಿದ್ದರು. ಆಗ ಹತ್ತು ವರ್ಷದವನಾಗಿದ್ದ ಮೊಮ್ಮಗ, "ಅಜ್ಜೀ, ನೀನೂ ಬಾ" ಎಂದು ಎಳೆದು ಕೂರಿಸಿದ. ಮೊದಲ ದಿನ ಕೆಟ್ಟು ನಿಂತ ಬಾಹ್ಯಾಕಾಶ ನೌಕೆಯ ಪಕ್ಕದಲ್ಲಿ, ವಿಷದ ಮಳೆ ಸುರಿಯುವ ಒಂದು ಗ್ರಹದ ಮೇಲೆ, ನಾನು ಮೂರು ಸಲ ಸತ್ತೆ. ನಾಲ್ಕನೆಯ ಸಲ ನೌಕೆ ದುರಸ್ತಿಯಾಗಿ ಮೇಲೆದ್ದಿತು. ನೆಲ ಕೆಳಗೆ ಸರಿದು, ಮೋಡ ಹರಿದು, ಆಕಾಶ ಕಪ್ಪಾಗಿ, ಎದುರಿಗೆ ಇನ್ನೊಂದು ಗ್ರಹ ತೂಗುತ್ತಿರುವುದು ಕಂಡಾಗ ನಾನು ಮಾತಾಡಲಿಲ್ಲ. ಬಾಲ್ಯದಲ್ಲಿ ಕಾರಂತರ 'ಬಾಲ ಪ್ರಪಂಚ'ವನ್ನೂ, ಮುಂದೆ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಾದಂಬರಿಗಳನ್ನೂ ಓದುತ್ತ ಕಣ್ಣುಮುಚ್ಚಿ ಊಹಿಸಿಕೊಳ್ಳುತ್ತಿದ್ದುದು ಕಣ್ಣು ತೆರೆದಿರುವಾಗಲೇ ಕಂಡಂತಾಯಿತು.

ಈ ಆಟದಲ್ಲಿರುವ ಗ್ರಹಗಳ ಸಂಖ್ಯೆಯನ್ನು ಕೇಳಿ: 2ರ 64ನೆಯ ಘಾತ. ಬಿಡಿಸಿ ಬರೆದರೆ 1,84,46,74,40,73,70,95,51,616. ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಅರಸನಲ್ಲಿ ಬಹುಮಾನ ಬೇಡಿದ ಜಾಣನ ಕಥೆಯನ್ನು ಗುಣೋತ್ತರ ಶ್ರೇಢಿಯ ಪಾಠಕ್ಕೆ ಮುನ್ನ ನಿಮಗೆಲ್ಲ ಹೇಳಿದ್ದೇನಷ್ಟೆ? ಅರವತ್ತನಾಲ್ಕು ಮನೆಗಳ ಒಟ್ಟು ಕಾಳಿಗೆ ಒಂದು ಕೂಡಿಸಿದರೆ ಈ ಗ್ರಹಗಳ ಲೆಕ್ಕ! ಸೆಕೆಂಡಿಗೊಂದರಂತೆ ನೋಡುತ್ತ ಹೋದರೂ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು 58,000 ಕೋಟಿ ವರ್ಷ ಬೇಕು. ನಮ್ಮ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ.

ಇಷ್ಟೊಂದು ಗ್ರಹಗಳನ್ನು ಯಾರು ಚಿತ್ರಿಸಿದರು? ಯಾರೂ ಇಲ್ಲ. ಮಗ್ಗಿ ಬಲ್ಲವನು ಎಲ್ಲ ಗುಣಲಬ್ಧಗಳನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಎರಡು ಸಂಖ್ಯೆ ಕೊಟ್ಟರೆ ಲೆಕ್ಕ ಹಾಕಿ ಹೇಳುತ್ತಾನೆ. ಈ ಆಟವೂ ಹಾಗೆಯೇ. ಪ್ರತಿ ಗ್ರಹಕ್ಕೂ ಒಂದು ಬೀಜಸಂಖ್ಯೆ. ನಾವು ಹತ್ತಿರ ಹೋದಾಗ ಆ ಸಂಖ್ಯೆಯನ್ನು ಸೂತ್ರಗಳಿಗೆ ಹಾಕಿ ಬೆಟ್ಟ, ಹುಲ್ಲು, ಪ್ರಾಣಿ, ಆಕಾಶದ ಬಣ್ಣ ಎಲ್ಲವನ್ನೂ ಗಣಕ ಆಗಲೇ ಕಟ್ಟುತ್ತದೆ. ಬೀಜ ಒಂದೇ ಆದುದರಿಂದ ಯಾರು ಯಾವಾಗ ಹೋದರೂ ಗ್ರಹ ಅದೇ. "ಈ ಸೂತ್ರಗಳಿಂದ ಏನು ಪ್ರಯೋಜನ ಅಕ್ಕೋರೇ?" ಎಂದು ಕೇಳುತ್ತಿದ್ದವರಿಗೆ ಆಗ ಈ ಉತ್ತರ ನನ್ನಲ್ಲಿರಲಿಲ್ಲ.

ದೋಷಗಳನ್ನೂ ಹೇಳಲೇಬೇಕು. ಈ ಆಟದ ಗ್ರಹಗಳು ತಮ್ಮ ಸೂರ್ಯನನ್ನು ಸುತ್ತುವುದಿಲ್ಲ. ಕೆಪ್ಲರನಿಗೆ ಇಲ್ಲಿ ಪ್ರವೇಶವಿಲ್ಲ. ಒಂದು ಗ್ರಹದಿಂದ ಮತ್ತೊಂದಕ್ಕೆ ಸಿರಸಿಯಿಂದ ಕುಮಟೆಗೆ ಹೋದಷ್ಟು ಹೊತ್ತೂ ಬೇಡ. ಆದರೆ ಭೌತಶಾಸ್ತ್ರದಲ್ಲಿ ಕಳೆದ ಅಂಕವನ್ನು ಈ ಆಟ ಬೇರೆ ಕಡೆ ಗಳಿಸಿಕೊಳ್ಳುತ್ತದೆ. ಇಲ್ಲಿ ಗೆಕ್, ಕೋರ್ವ್ಯಾಕ್ಸ್, ವೈಕೀನ್ ಎಂಬ ಅನ್ಯಲೋಕದ ಜನಾಂಗಗಳಿವೆ. ಅವರ ಮಾತು ಮೊದಲು ನಮಗೆ ಒಂದಿಷ್ಟೂ ತಿಳಿಯದು. ಅಲ್ಲಲ್ಲಿ ನಿಂತ ಕಲ್ಲುಗಳಿಂದ, ಎದುರಾದವರಿಂದ, ಒಂದೊಂದೇ ಪದ ಕಲಿಯಬೇಕು. ಇಡೀ ವಾಕ್ಯದಲ್ಲಿ ಒಂದು ಪದ ಮಾತ್ರ ತಿಳಿದಾಗ ಆಗುವ ಸಂತೋಷವನ್ನು ನಾನು ಎಂಟನೆಯ ತರಗತಿಯ ಮಕ್ಕಳ ಮುಖದಲ್ಲಿ ಕಂಡಿದ್ದೆ. ಅರವತ್ತು ದಾಟಿದ ಮೇಲೆ ನನ್ನಲ್ಲೇ ಕಂಡೆ. ಮಿತಿಮೀರಿ ಅಗೆದರೆ, ಪ್ರಾಣಿಗಳನ್ನು ಕೊಂದರೆ, ಸೆಂಟಿನೆಲ್ ಎಂಬ ಕಾವಲು ಯಂತ್ರಗಳು ಬೆನ್ನಟ್ಟಿ ಬರುತ್ತವೆ. ಬೆಟ್ಟದಲ್ಲಿ ಸೌದೆ ತರಲು ಹೋಗಿ ಫಾರೆಸ್ಟ್ ಗಾರ್ಡಿನ ಕೈಗೆ ಸಿಕ್ಕ ನೆನಪು ನಮ್ಮ ಕಡೆಯವರಿಗೆ ಬಾರದಿರದು.

ಹೀಗಿರುವಾಗ ಅಳಿಯಂದಿರ ಸಿಟ್ಟೇಕೆ? ಆ ಕಥೆ ಸ್ವಾರಸ್ಯವಾಗಿದೆ.

2013ರ ಡಿಸೆಂಬರಿನಲ್ಲಿ ಆಟದ ಮೊದಲ ತುಣುಕನ್ನು ತೋರಿಸಿದಾಗ ಜಗತ್ತೆಲ್ಲ ಬೆರಗಾಯಿತು. ಅದೇ ತಿಂಗಳು ಕ್ರಿಸ್‌ಮಸ್‌ನ ಹಿಂದಿನ ದಿನ ನೆರೆ ಬಂದು ಅವರ ಕಚೇರಿಯೇ ಮುಳುಗಿತು. ಬೆರಳೆಣಿಕೆಯ ಜನ ಮತ್ತೆ ಕೆಲಸಕ್ಕೆ ಕುಳಿತರು. ಸಂಸ್ಥೆಯ ಮುಖ್ಯಸ್ಥ ಶಾನ್ ಮರ್ರೆ ಸಂದರ್ಶನಗಳಲ್ಲಿ ಉತ್ಸಾಹದಿಂದ ಬಹಳ ಹೇಳಿದರು. ಆಟಗಾರರು ಒಬ್ಬರಿಗೊಬ್ಬರು ಎದುರಾಗಬಹುದೆಂಬುದೂ ಅದರಲ್ಲೊಂದು. 2016ರ ಮೇ ತಿಂಗಳಲ್ಲಿ, ಬಿಡುಗಡೆ ಕೆಲವು ವಾರ ತಡವಾಗುತ್ತದೆ ಎಂದಾಗ ಕೊಲೆ ಬೆದರಿಕೆಗಳು ಬಂದವು. ಕಡೆಗೆ ಆಗಸ್ಟಿನಲ್ಲಿ, ದೊಡ್ಡ ಸಂಸ್ಥೆಗಳ ಆಟಗಳಷ್ಟೇ ಬೆಲೆಗೆ, ಅಂದರೆ 60 ಡಾಲರಿಗೆ, ಆಟ ಹೊರಬಂತು. ಮೊದಲ ದಿನವೇ ಇಬ್ಬರು ಆಟಗಾರರು ಹುಡುಕಿಕೊಂಡು ಹೋಗಿ ಒಂದೇ ಗ್ರಹದ ಒಂದೇ ಜಾಗದಲ್ಲಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ! ಹೇಳಿದ್ದ ಇನ್ನೂ ಹಲವು ಸಂಗತಿಗಳು ಇರಲಿಲ್ಲ. ಸ್ಟೀಮ್ ಮಳಿಗೆಯಲ್ಲಿ ಕೊಂಡವರ ವಿಮರ್ಶೆಗಳು ಬೈಗುಳದಿಂದ ತುಂಬಿದವು. ನಮ್ಮ ಅಳಿಯಂದಿರೂ ಎರಡು ಸಾಲು ಬರೆದಿದ್ದರಂತೆ. ಜಾಹೀರಾತಿನ ಬಗೆಗಿನ ದೂರನ್ನು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ ವಿಚಾರಿಸಿ, ಆ ವರ್ಷ ನವೆಂಬರಿನಲ್ಲಿ, ಅದು ದಾರಿತಪ್ಪಿಸುವಂಥದ್ದಲ್ಲ ಎಂದಿತು. ಜನರ ಮನಸ್ಸಿನ ತೀರ್ಪು ಅಷ್ಟು ಸುಲಭವಾಗಿ ಬದಲಾಗಲಿಲ್ಲ.

ಆಮೇಲೆ ಆ ಸಂಸ್ಥೆ ಮಾಡಿದ್ದು ನನಗೆ ತುಂಬ ಹಿಡಿಸಿತು. ಬಾಯಿ ಮುಚ್ಚಿಕೊಂಡು ಕೆಲಸ ಮಾಡಿತು. 2016ರ ನವೆಂಬರಿನಲ್ಲಿ ಗ್ರಹಗಳ ಮೇಲೆ ಮನೆ ಕಟ್ಟುವ ಅವಕಾಶ ಬಂತು. 2018ರ ಜುಲೈನಲ್ಲಿ ಆಟಗಾರರು ನಿಜಕ್ಕೂ ಒಬ್ಬರನ್ನೊಬ್ಬರು ಕಂಡು ಕೂಡಿ ಆಡುವಂತಾಯಿತು. 2019ರ ಆಗಸ್ಟಿನಲ್ಲಿ ಮತ್ತೊಂದು ದೊಡ್ಡ ಪರಿಷ್ಕರಣೆ. ಹೀಗೆ ಒಂದರ ಹಿಂದೊಂದು, ಮೊದಲೇ ಕೊಂಡವರಿಗೆ ಒಂದು ಕಾಸೂ ಕೇಳದೆ. 2019ರಲ್ಲಿ ಅಭಿಮಾನಿಗಳೇ ಚಂದಾ ಎತ್ತಿ ಗಿಲ್ಫರ್ಡಿನಲ್ಲಿ, ಆ ಕಚೇರಿಯ ಹತ್ತಿರ, ಧನ್ಯವಾದ ಹೇಳುವ ಒಂದು ದೊಡ್ಡ ಫಲಕ ಹಾಕಿಸಿದರು. 2024ರ ನವೆಂಬರಿನಲ್ಲಿ ಸ್ಟೀಮ್‌ನ ಒಟ್ಟು ವಿಮರ್ಶೆಗಳಲ್ಲಿ ನೂರಕ್ಕೆ 80ರಷ್ಟು ಮೆಚ್ಚುಗೆಯವಾದವು.

ಇಲ್ಲಿ ಅಭಿಮಾನಿಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಬೇಕು. ವೈಜ್ಞಾನಿಕ ಕಲ್ಪನೆಯ ಆಟಗಳ ಅಭಿಮಾನಿಗಳೆಂದರೆ ಮುಂಗೋಪಿಗಳು, ಕೃತಘ್ನರು ಎಂಬ ಮಾತಿದೆ. ಕೊಲೆ ಬೆದರಿಕೆ ಹಾಕುವವರನ್ನು ಅಭಿಮಾನಿಗಳೆಂದು ಕರೆಯಲು ನಾನು ಸಿದ್ಧಳಿಲ್ಲ. ಉಳಿದವರ ಸಿಟ್ಟಿನಲ್ಲಿ ಎರಡು ಬಗೆಯನ್ನು ಕಾಣುತ್ತೇನೆ. 2012ರಲ್ಲಿ ಕೆನಡಾದ ಬಯೋವೇರ್ ಸಂಸ್ಥೆಯ 'ಮಾಸ್ ಎಫೆಕ್ಟ್ 3' ಬಂದಾಗ, ಕಥೆಯ ಮುಕ್ತಾಯ ಚೆನ್ನಾಗಿಲ್ಲವೆಂದು ದೊಡ್ಡ ಪ್ರತಿಭಟನೆ ನಡೆಯಿತು. ಪ್ರತಿಭಟನಕಾರರು ಕೆಂಪು, ನೀಲಿ, ಹಸಿರು ಕಪ್‌ಕೇಕುಗಳನ್ನು ಸಂಸ್ಥೆಗೆ ಕಳಿಸಿದರು: ಬಣ್ಣ ಮೂರು, ರುಚಿ ಒಂದೇ, ನಿಮ್ಮ ಮೂರು ಮುಕ್ತಾಯಗಳ ಹಾಗೆ ಎಂದು! ಅದೇ ನೆಪದಲ್ಲಿ ರೋಗಪೀಡಿತ ಮಕ್ಕಳ ನೆರವಿಗೆ 80 ಸಾವಿರ ಡಾಲರಿಗೂ ಹೆಚ್ಚು ಕೂಡಿಸಿದರು. ಆ ಜಾಣತನವನ್ನೂ ಉದಾರತೆಯನ್ನೂ ಮೆಚ್ಚುತ್ತೇನೆ, ಬೇಡಿಕೆಯನ್ನು ಒಪ್ಪುವುದಿಲ್ಲ. ಜೂನ್ ತಿಂಗಳಲ್ಲಿ ಸಂಸ್ಥೆ ಮುಕ್ತಾಯವನ್ನು ವಿಸ್ತರಿಸಿ ಉಚಿತವಾಗಿ ಕೊಟ್ಟಿತು, ನಿಜ. ಆದರೆ ಕಥೆ ಹೇಗೆ ಮುಗಿಯಬೇಕೆಂಬುದು ಕಥೆಗಾರನ ಹಕ್ಕು. ಯಕ್ಷಗಾನದಲ್ಲಿ ಕರ್ಣ ಸಾಯಬಾರದೆಂದು ಭಾಗವತರಿಗೆ ಅರ್ಜಿ ಕೊಡಲಾಗದು. 'ನೋ ಮ್ಯಾನ್ಸ್ ಸ್ಕೈ'ನ ವಿಷಯ ಬೇರೆ. ಅಲ್ಲಿ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತು ಸಾಲ. ಸಾಲ ಕೇಳುವವನು ಕೃತಘ್ನನಲ್ಲ.

ಹಾಗೆಂದು ಈ ಕಥೆಯನ್ನು ಎಲ್ಲರಿಗೂ ಮಾಫಿಪತ್ರವಾಗಿ ಹಂಚಲಾಗದು. ಅರೆಬೆಂದದ್ದನ್ನು ಬಡಿಸಿ ಆಮೇಲೆ ಬೇಯಿಸುವ ಚಾಳಿ ಈ ಉದ್ಯಮಕ್ಕೆ ಅಂಟಿದೆ. 2020ರ ಡಿಸೆಂಬರಿನಲ್ಲಿ ಬಂದ ಪೋಲೆಂಡಿನ 'ಸೈಬರ್‌ಪಂಕ್ 2077' ಎಷ್ಟು ಹದಗೆಟ್ಟಿತ್ತೆಂದರೆ ಒಂದೇ ವಾರದಲ್ಲಿ ಸೋನಿ ಸಂಸ್ಥೆ ಅದನ್ನು ತನ್ನ ಮಳಿಗೆಯಿಂದ ತೆಗೆಯಿತು. ಅದು ಚೆನ್ನಾಗಿ ಸುಧಾರಿಸಲು 2023ರ ತನಕ ಹಿಡಿಯಿತು. ಬಯೋವೇರ್‌ನವರದೇ 2019ರ 'ಆಂಥಮ್' ಆಟವನ್ನು ಮತ್ತೆ ಕಟ್ಟುವ ಯತ್ನವನ್ನು 2021ರಲ್ಲಿ ಕೈಬಿಟ್ಟರು. ಕೊಂಡವರ ನಂಬಿಕೆ ಹಾಗೆಯೇ ಮುಳುಗಿತು. ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ನಪಾಸು ಮಾಡುವುದು ತಪ್ಪಲ್ಲ. ನಪಾಸಾದವನು ಮತ್ತೆ ಬರೆದಾಗ ಉತ್ತರಪತ್ರಿಕೆಯನ್ನು ತೆರೆದೇ ನೋಡದಿರುವುದು ತಪ್ಪು.

ಅಳಿಯಂದಿರು ತಮ್ಮ ಹಳೆಯ ವಿಮರ್ಶೆಯನ್ನು 2021ರಲ್ಲಿ ತಿದ್ದಿದರು. ಯಾಕೆಂದು ಕೇಳಿದೆ. "ಅವತ್ತು ಬರೆದದ್ದು ಅವತ್ತಿಗೆ ನಿಜ ಅತ್ತೆ. ಈಗ ನಿಜ ಅಲ್ಲ. ಹಾಗೇ ಬಿಟ್ಟರೆ ನಾನೇ ಸುಳ್ಳು ಹೇಳಿದ ಹಾಗಾಗುತ್ತದೆ" ಎಂದರು. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

1994ರಲ್ಲಿ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ರೇಖಾಗಣಿತದ ಮನೆಗೆಲಸವನ್ನು ದಿನವೂ "ನಾಳೆ ತೋರಿಸುತ್ತೇನೆ ಅಕ್ಕೋರೇ" ಎನ್ನುತ್ತಿದ್ದ. ಆ ನಾಳೆ ಬರುತ್ತಿರಲಿಲ್ಲ. ಅವನ ಪ್ರಗತಿಪತ್ರದಲ್ಲಿ "ಮಾತಿಗೆ ನಿಲ್ಲದ ಹುಡುಗ" ಎಂದು ಬರೆದೆ. ವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾದ. ಮುಂದೆ ಪೂರಕ ಪರೀಕ್ಷೆ ಕಟ್ಟಿ ಪಾಸಾಗಿ, ಮಳೆಯಲ್ಲಿ ದೂರದ ಹಳ್ಳಿಯಿಂದ ನಡೆದು ಬಂದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಂಕಪಟ್ಟಿಯನ್ನು ಹಿಡಿದು ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತ. ನಾನು ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತಿದ್ದೆ. "ಈ ಬುದ್ಧಿ ಮೊದಲೇ ಇದ್ದಿದ್ದರೆ ಒಂದು ಪರೀಕ್ಷೆ ಉಳಿಯುತ್ತಿತ್ತಲ್ಲೋ" ಎಂದು ಮತ್ತೆ ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತು ನಿಂತು ಹೋದ. ಅಂಕಪಟ್ಟಿಯನ್ನು ನಾನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಎಷ್ಟು ಅಂಕ ಬಂದಿತ್ತೆಂದು ಇಂದಿಗೂ ನನಗೆ ಗೊತ್ತಿಲ್ಲ. ಪ್ರಗತಿಪತ್ರದ ನನ್ನ ಸಾಲು ಮಾತ್ರ ತಿದ್ದದೆ ಹಾಗೆಯೇ ಉಳಿಯಿತು.

ಮಾತಿಗೆ ನಿಂತಿದ್ದಾನೆಂದು ತೋರಿಸಲೆಂದೇ ಅವನು ಅಷ್ಟು ದೂರ ನಡೆದು ಬಂದಿದ್ದ. ಒಂದು ಆಟಕ್ಕೆ ಸಾವಿರಾರು ಅಪರಿಚಿತರು ಕೊಟ್ಟ ಮರುಮೌಲ್ಯಮಾಪನವನ್ನು ನನ್ನ ತರಗತಿಯ ಹುಡುಗನಿಗೆ ನಾನು ಕೊಡಲಿಲ್ಲ.

ಈ ಆಟದಲ್ಲಿ ಮೊದಲು ಕಂಡುಹಿಡಿದವರು ಗ್ರಹಕ್ಕೆ ಹೆಸರಿಡಬಹುದು. ಮುಂದೆ ಬರುವವರಿಗೆ ಆ ಹೆಸರೇ ಕಾಣುತ್ತದೆ. ಮೊಮ್ಮಗನೂ ನಾನೂ ನೀರು ತುಂಬಿದ ಒಂದು ಹಸಿರು ಗ್ರಹಕ್ಕೆ 'ಅಘನಾಶಿನಿ' ಎಂದು ಹೆಸರಿಟ್ಟಿದ್ದೇವೆ. ಅಲ್ಲಿಗೆ ಯಾರಾದರೂ ಬರುತ್ತಾರೋ ಇಲ್ಲವೋ, ಕಾಳುಗಳ ಆ ರಾಶಿಯಲ್ಲಿ ಅದೊಂದು ಕಾಳು.

ಆ ತಂಡದವರು ಇದನ್ನು ಓದುತ್ತಿದ್ದರೆ, ನಾನು ಯಾರ ಮಾತಾಡುತ್ತಿದ್ದೇನೆಂದು ನಿಮಗೆ ತಿಳಿದಿರುತ್ತದೆ. ಅವನಿಗೆ ಹೇಳಿ: ಅಂಕಪಟ್ಟಿ ಇನ್ನೂ ಇದ್ದರೆ ತೆಗೆದುಕೊಂಡು ಮನೆಗೆ ಬರಲಿ. ಈ ಸಲ ಕನ್ನಡಕ ಹಾಕಿಕೊಂಡು, ವಿಷಯವಾರು, ಪೂರ್ತಿ ಓದುತ್ತೇನೆ.