ಹಳೆ ದೋಣಿ: ಎಂಜಿನ್ ಅಲ್ಲ, ಅಗಲ ನೋಡಿ

ಮಕ್ಕಳೇ, ರಜೆಯಲ್ಲಿ ಮನೆಯವರೆಲ್ಲ ಚಂದ್ರಗಿರಿ ಹೊಳೆಯಲ್ಲಿ ಸುತ್ತಾಡಲು ಒಂದು ಹಳೆ ಮೀನುದೋಣಿ ಕೊಳ್ಳಬೇಕು ಅಂತಿಟ್ಟುಕೊಳ್ಳಿ. ಎರಡು ಫೈಬರ್ ದೋಣಿ ಮಾರಾಟಕ್ಕಿವೆ, ಉದ್ದ ಒಂದೇ. ಮೊದಲನೆಯದು 4 ಅಡಿ ಅಗಲ, ಎಂಜಿನ್ ಜೋರು, ಬಣ್ಣ ಹೊಸತು. ಎರಡನೆಯದು 5 ಅಡಿ ಅಗಲ, ಎಂಜಿನ್ ಸಣ್ಣದು, ಬಣ್ಣ ಮಾಸಿದೆ. ನಿಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನೇ ತೋರಿಸ್ತೀರಿ. ನನ್ನ ಮತ ಎರಡನೆಯದಕ್ಕೆ.

ಕಾರಣ ಲೆಕ್ಕದಲ್ಲಿದೆ. ದೋಣಿ ವಾಲಿದಾಗ ನೀರು ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ತಳ್ಳುತ್ತದೆ. ಉದ್ದವೂ ಆಕಾರವೂ ಒಂದೇ ಬಗೆಯದಾದರೆ, ಈ ಆಸರೆ ಅಗಲದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. 4ರ ಘನ 64, 5ರ ಘನ 125. ಅಗಲ ಒಂದೇ ಅಡಿ ಹೆಚ್ಚು, ಆಸರೆ ಹತ್ತಿರಹತ್ತಿರ ಎರಡು ಪಟ್ಟು!

ಇನ್ನೊಂದು ವಿಷಯ. ಮೀನು, ಬಲೆ ದೋಣಿಯ ತಳದಲ್ಲಿರುತ್ತವೆ. ಗುರುತ್ವ ಕೇಂದ್ರವೂ ಕೆಳಗಿರುತ್ತದೆ. ಮನುಷ್ಯರು ಹಾಗಲ್ಲ. ಎತ್ತರದಲ್ಲಿ ಕೂರುತ್ತೇವೆ, ಎದ್ದು ನಿಲ್ಲುತ್ತೇವೆ, ಫೋಟೋಕ್ಕೆಂದು ಒಂದೇ ಬದಿಗೆ ಸೇರುತ್ತೇವೆ. ಮೀನು ಹೊತ್ತ ದೋಣಿ ಜನರನ್ನೂ ಹಾಗೇ ಹೊರುತ್ತದೆ ಅನ್ನೋದು ತಪ್ಪು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಗುಚಿ 22 ಜನ ಸತ್ತದ್ದು, ಮೀನುದೋಣಿಯನ್ನು ಮಾರ್ಪಡಿಸಿ ಮಾಡಿದ ವಿಹಾರದೋಣಿಯಲ್ಲಿ. ಅದರಲ್ಲಿ ಮಿತಿಮೀರಿ ಜನ ತುಂಬಿದ್ದರು.

ದೊಡ್ಡವರು ಎಂಜಿನ್ನಿನ ಮಾತಾಡ್ತಾ ಇರಲಿ. ನೀವು ಟೇಪ್ ಹಿಡಿದು, ನೀರು ಮುಟ್ಟುವ ಮಟ್ಟದಲ್ಲಿ ದೋಣಿಯ ಅಗಲ ಅಳೆಯಿರಿ. ತಳದಲ್ಲಿ ಬಿರುಕಿದ್ದರೆ ಎರಡೂ ಬೇಡ ಅನ್ನಿ. ಸಣ್ಣ ಎಂಜಿನ್ನಿನಿಂದ ಉಳಿದ ದುಡ್ಡಲ್ಲಿ ತಲೆಗೊಂದು ಲೈಫ್ ಜಾಕೆಟ್ ತರಿಸಿ.