ಡಿಸ್ಕ್ ಚೆನ್ನಾಗಿದೆ ಎಂದವರು ಯಾರು?

ತನ್ನ ಒಳಗನ್ನು ಬಳಕೆದಾರನ ಕಣ್ಣಿಗೆ ಬೀಳಿಸದ ಯಂತ್ರವೇ ಒಳ್ಳೆಯ ಯಂತ್ರ ಎಂಬ ಅಭಿಪ್ರಾಯ ಕಂಪ್ಯೂಟರ್ ಲೋಕದಲ್ಲಿ ಈಗ ಚರ್ಚೆಯೇ ಬೇಡದ ಸತ್ಯವೆಂಬಂತೆ ಚಲಾವಣೆಯಲ್ಲಿದೆ. ಕಡತಗಳು ಯಾವ ಡಿಸ್ಕಿನಲ್ಲಿ ಕುಳಿತಿವೆ, ಆ ಡಿಸ್ಕ್ ಎಷ್ಟು ಗಂಟೆ ದುಡಿದಿದೆ, ಎಷ್ಟು ಸವೆದಿದೆ ಎಂಬುದನ್ನೆಲ್ಲ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ, ಅಪಾಯ ಬಂದಾಗ ಎಚ್ಚರಿಕೆಯೊಂದು ತಾನಾಗಿ ಪರದೆಯ ಮೇಲೆ ಮೂಡುತ್ತದೆ, ಅಲ್ಲಿಯವರೆಗೆ ಮಾಲೀಕ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರಬಹುದು ಎನ್ನುವುದು ಇದರ ಸಾರ. ಈ ನೋಟದಲ್ಲಿ ಕಮಾಂಡ್ ಲೈನ್, ಅಂದರೆ ಗುಂಡಿ ಮತ್ತು ಚಿತ್ರಗಳ ನೆರವಿಲ್ಲದೆ ಆದೇಶವನ್ನು ಅಕ್ಷರಗಳಲ್ಲಿ ಟೈಪ್ ಮಾಡಿ ಉತ್ತರವನ್ನೂ ಅಕ್ಷರಗಳಲ್ಲೇ ಪಡೆಯುವ ಕ್ರಮ, ಕಾಲ ಮುಗಿದ ಪಳೆಯುಳಿಕೆಯಾಗಿ ಕಾಣುತ್ತದೆ. ಶೇಖರಣಾ ಡಿಸ್ಕಿನ ಮಟ್ಟಿಗೆ ಈ ಅಭಿಪ್ರಾಯ ತೀರ ತೆಳುವಾದದ್ದು. ಒಂದು ಮನೆಯ ಹತ್ತಾರು ವರ್ಷಗಳ ಫೋಟೊಗಳು, ಒಂದು ಕಚೇರಿಯ ಲೆಕ್ಕಪತ್ರಗಳು ಯಾವ ವಸ್ತುವನ್ನು ನಂಬಿಕೊಂಡಿವೆಯೋ ಆ ವಸ್ತುವಿನ ಸ್ಥಿತಿಯ ಬಗ್ಗೆ ಮಾಲೀಕನಿಗೆ ಸಿಗಬೇಕಾದದ್ದು ಸಾಕ್ಷ್ಯವೋ ತೀರ್ಪೋ ಎಂಬುದು ಇಲ್ಲಿನ ಪ್ರಶ್ನೆ. ಸಾಕ್ಷ್ಯವೇ ಸಿಗಬೇಕು, ಅದನ್ನು ಓದುವಷ್ಟು ತಿಳಿವಳಿಕೆ ಸಾಮಾನ್ಯ ಬಳಕೆದಾರನಿಗೂ ಇರಬೇಕು ಎಂಬುದು ಈ ಪ್ರಬಂಧದ ನಿಲುವು.

ಲಿನಕ್ಸ್ ವ್ಯವಸ್ಥೆಯ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆದೇಶದಿಂದ ಆರಂಭಿಸಬಹುದು. ಯಂತ್ರಕ್ಕೆ ಜೋಡಿಸಿರುವ ಡಿಸ್ಕ್‌ಗಳು ಯಾವುವು, ಒಂದೊಂದರಲ್ಲಿ ಎಷ್ಟು ಪಾರ್ಟಿಶನ್ (ವಿಭಾಗ)ಗಳಿವೆ, ಅವುಗಳ ಗಾತ್ರವೆಷ್ಟು, ಯಾವುದು ಯಾವ ಫೋಲ್ಡರಿನ ಹೆಸರಿನಲ್ಲಿ ತೆರೆದುಕೊಂಡಿದೆ ಎಂಬುದನ್ನು ಅದು ಕವಲೊಡೆದ ಪಟ್ಟಿಯಾಗಿ ಮುಂದಿಡುತ್ತದೆ, ಡಿಸ್ಕಿನ ಮೇಲೆ ಒಂದು ಅಕ್ಷರವನ್ನೂ ಬರೆಯುವುದಿಲ್ಲ. 1 ಟಿಬಿ ಎಂದು ಪೆಟ್ಟಿಗೆಯ ಮೇಲೆ ಅಚ್ಚಾದ ಡಿಸ್ಕನ್ನು ತಂದು ಜೋಡಿಸಿದಾಗ ವಿಂಡೋಸ್ 931 ಜಿಬಿ ಎಂದಷ್ಟೇ ತೋರಿಸುವುದನ್ನು ಕಂಡು ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗುವವರು ಇಂದಿಗೂ ಇದ್ದಾರೆ. ಎಲ್‌ಎಸ್‌ಬಿಎಲ್‌ಕೆ ಆದೇಶಕ್ಕೆ ಬೈಟ್‌ಗಳಲ್ಲಿ ಲೆಕ್ಕ ಕೊಡೆಂದು ಸೂಚಿಸಿದರೆ ಇಂಥ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ 10,00,20,48,86,016 ಎಂಬ ಸಂಖ್ಯೆ ಬರುತ್ತದೆ; ತಯಾರಕ ಸಾವಿರದ ಗುಣಕದಲ್ಲಿ ಎಣಿಸಿ ಅದನ್ನು 1 ಟಿಬಿ ಎಂದಿದ್ದಾನೆ, ವಿಂಡೋಸ್ 1,024ರ ಗುಣಕದಲ್ಲಿ ಎಣಿಸಿ 931 ಎಂದಿದೆ, ಯಾರೂ ಏನನ್ನೂ ಕದ್ದಿಲ್ಲ. ಈ ಗೊಂದಲ ಕಳೆಯಲೆಂದು 1998ರಲ್ಲೇ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1,024ರ ಗುಣಕಕ್ಕೆ ಗಿಬಿಬೈಟ್ ಮುಂತಾದ ಬೇರೆ ಹೆಸರುಗಳನ್ನು ಗೊತ್ತುಮಾಡಿತು, 2009ರಲ್ಲಿ ಆಪಲ್ ತನ್ನ ಮ್ಯಾಕ್ ವ್ಯವಸ್ಥೆಯನ್ನು ಸಾವಿರದ ಲೆಕ್ಕಕ್ಕೆ ತಿರುಗಿಸಿತು, ಆದರೂ ಗೊಂದಲ ಮುಗಿದಿಲ್ಲ. ದುಂಡಾಗಿಸಿದ ಸಂಖ್ಯೆ ಹುಟ್ಟಿಸುವ ಜಗಳವನ್ನು ದುಂಡಾಗಿಸದ ಸಂಖ್ಯೆ ಬಗೆಹರಿಸುತ್ತದೆ.

ಗಾತ್ರದ ವಿಷಯದಲ್ಲಿ ತಪ್ಪಿದರೆ ಹೋಗುವುದು ಒಂದಿಷ್ಟು ನೆಮ್ಮದಿ ಮಾತ್ರ. ಆರೋಗ್ಯದ ವಿಷಯದಲ್ಲಿ ತಪ್ಪಿದರೆ ಹೋಗುವುದು ಡಿಸ್ಕಿನೊಳಗಿನ ಸರ್ವಸ್ವ. ಐಬಿಎಂ 1992ರಲ್ಲೂ ಕಾಂಪ್ಯಾಕ್ ಅದರ ನಂತರವೂ ಬೇರೆ ಬೇರೆಯಾಗಿ ಆರಂಭಿಸಿದ ಪ್ರಯತ್ನಗಳು ಮುಂದೆ ಒಂದಾಗಿ ‘ಸ್ಮಾರ್ಟ್’ ಎಂಬ ವ್ಯವಸ್ಥೆಯಾದವು; ಡಿಸ್ಕ್ ತನ್ನನ್ನು ತಾನೇ ಗಮನಿಸಿಕೊಂಡು ತನ್ನ ಸ್ಥಿತಿಯನ್ನು ಕ್ರಮಸಂಖ್ಯೆಯುಳ್ಳ ಸಾಲುಗಳಲ್ಲಿ ದಾಖಲಿಸಿಕೊಳ್ಳುವ ಏರ್ಪಾಡು ಇದು. ಆ ದಾಖಲೆಯನ್ನು ಹೊರಗೆ ತೆಗೆದು ತೋರಿಸುವ ಆದೇಶ ‘ಸ್ಮಾರ್ಟ್‌ಸಿಟಿಎಲ್’. ಡಿಸ್ಕಿನ ಮೇಲ್ಮೈ ಸೆಕ್ಟರ್ ಎಂಬ ಸಣ್ಣ ಸಣ್ಣ ತುಣುಕುಗಳಾಗಿ ವಿಂಗಡವಾಗಿರುತ್ತದೆ. ಒಂದು ಸೆಕ್ಟರ್ ಕೆಟ್ಟಾಗ ಡಿಸ್ಕಿನೊಳಗಿನ ತಂತ್ರಾಂಶ ಯಾರಿಗೂ ಹೇಳದೆ ಅದನ್ನು ಬದಿಗಿಟ್ಟು, ಇದಕ್ಕೆಂದೇ ಕಾದಿರಿಸಿದ ಬಿಡಿ ಸೆಕ್ಟರೊಂದನ್ನು ಅದರ ಜಾಗಕ್ಕೆ ನಿಯೋಜಿಸುತ್ತದೆ. 5ನೆಯ ಸಾಲು ಹೀಗೆ ಬದಲಾಯಿಸಿದ ಸೆಕ್ಟರ್‌ಗಳ ಎಣಿಕೆ; 197ನೆಯ ಸಾಲು ಓದಲು ಬಾರದೆ, ಬದಲಾಯಿಸಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳ ಎಣಿಕೆ; 9ನೆಯ ಸಾಲು ಡಿಸ್ಕ್ ಈವರೆಗೆ ಚಾಲನೆಯಲ್ಲಿದ್ದ ಗಂಟೆಗಳ ಎಣಿಕೆ. ಒಂದೊಂದು ಸಾಲಿನಲ್ಲೂ ತಯಾರಕ ತನ್ನ ಸೂತ್ರದಂತೆ ಇಳಿಸಿಕೊಂಡ ಒಂದು ಮೌಲ್ಯ, ಆ ಮೌಲ್ಯ ಎಷ್ಟಕ್ಕೆ ಕುಸಿದರೆ ಡಿಸ್ಕ್ ಕೆಟ್ಟಿತೆಂದು ಒಪ್ಪಬೇಕು ಎಂಬ ಮಿತಿ, ಕೊನೆಯಲ್ಲಿ ಕಚ್ಚಾ ಸಂಖ್ಯೆ ಇರುತ್ತವೆ. 5ನೆಯ ಸಾಲಿನ ಮೌಲ್ಯ 100, ಮಿತಿ 10, ಕಚ್ಚಾ ಸಂಖ್ಯೆ 48 ಎಂದಿರುವ ಡಿಸ್ಕನ್ನು ಊಹಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ನಲವತ್ತೆಂಟು ಸೆಕ್ಟರ್‌ಗಳು ಸತ್ತಿದ್ದರೂ ಮೌಲ್ಯವು ಮಿತಿಗಿಂತ ಬಹಳ ಮೇಲಿರುವುದರಿಂದ ಅದರ ಆರೋಗ್ಯದ ಒಟ್ಟು ತೀರ್ಪು ‘ಪಾಸ್ಡ್’ ಎಂದೇ ಬರುತ್ತದೆ. ಗುಂಡಿ, ಚಿತ್ರಗಳ ಕಿಟಕಿಗಳುಳ್ಳ ಎಷ್ಟೋ ತಂತ್ರಾಂಶಗಳು ಬಳಕೆದಾರನಿಗೆ ತೋರಿಸುವುದು ಈ ಒಂದು ಪದವನ್ನು ಮಾತ್ರ, ಅದರ ಪಕ್ಕದಲ್ಲೊಂದು ಹಸಿರು ಗುರುತು. ಮಿತಿಯನ್ನು ಗೊತ್ತುಮಾಡಿದವನೂ ವಾರಂಟಿಯ ಖರ್ಚು ಹೊರಬೇಕಾದವನೂ ಒಬ್ಬನೇ ಎಂಬುದನ್ನು ಆ ಹಸಿರು ಗುರುತು ಹೇಳುವುದಿಲ್ಲ.

ಸ್ಮಾರ್ಟ್‌ಸಿಟಿಎಲ್ ಉಪಕರಣ ಹುಟ್ಟಿದ ಬಗೆಯೂ ಇಲ್ಲಿ ಗಮನಾರ್ಹ. 2002ರಲ್ಲಿ ಇದರ ಯೋಜನೆಯನ್ನು ಆರಂಭಿಸಿದ ಬ್ರೂಸ್ ಅಲೆನ್ ತಂತ್ರಾಂಶ ಕಂಪನಿಯ ನೌಕರರಲ್ಲ, ಗುರುತ್ವ ತರಂಗಗಳನ್ನು ಹುಡುಕುತ್ತಿದ್ದ ಭೌತವಿಜ್ಞಾನಿ. ಆಗ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಲ್ವಾಕಿ ಕೇಂದ್ರದಲ್ಲಿದ್ದ ಅವರು ಆ ಹುಡುಕಾಟಕ್ಕೆಂದು ಅಗ್ಗದ ಕಂಪ್ಯೂಟರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ಜೋಡಿಸಿ ಕ್ಲಸ್ಟರ್ ಕಟ್ಟಿದ್ದರು; ಅಷ್ಟು ಡಿಸ್ಕ್‌ಗಳಿರುವಲ್ಲಿ ಯಾವುದಾದರೊಂದು ಕೆಡುತ್ತಲೇ ಇರುತ್ತದೆ, ಯಾವುದು ಕೆಡಲಿದೆ ಎಂಬುದನ್ನು ಒಂದೊಂದರ ಮುಂದೆಯೂ ಕುಳಿತು ಕಿಟಕಿ ತೆರೆದು ನೋಡುವುದು ಆಗದ ಮಾತು. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಮೈಕೆಲ್ ಕಾರ್ನ್‌ವೆಲ್ ಬರೆದಿದ್ದ ಹಳೆಯ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು ಅವರು ಇದನ್ನು ಬೆಳೆಸಿದರು. ಮುಂದೆ ಅವರು ಜರ್ಮನಿಯ ಹ್ಯಾನೋವರ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಗೆ ಹೋದರು. 2015ರ ಸೆಪ್ಟೆಂಬರ್ 14ರಂದು ಗುರುತ್ವ ತರಂಗದ ಮೊದಲ ಸಂಕೇತವನ್ನು ಮೊದಲಿಗೆ ಗಮನಿಸಿದವರು ಅದೇ ಸಂಸ್ಥೆಯ ಸಂಶೋಧಕರು. ಅಳತೆಯನ್ನೂ ಅಳತೆಯ ಮೇಲಿನ ಅಭಿಪ್ರಾಯವನ್ನೂ ಬೆರೆಸಬಾರದು ಎಂಬ ಪ್ರಯೋಗಶಾಲೆಯ ಶಿಸ್ತು ಈ ಉಪಕರಣದ ಉತ್ತರದಲ್ಲೂ ಕಾಣುತ್ತದೆ: ತೀರ್ಪಿನ ಸಾಲು ಒಂದು, ಸಂಖ್ಯೆಗಳ ಸಾಲುಗಳು ಹತ್ತಾರು.

ಈ ಸಂಖ್ಯೆಗಳನ್ನೇ ನಂಬಬಹುದೇ ಎಂಬುದು ಗೌರವಕ್ಕೆ ಅರ್ಹವಾದ ಆಕ್ಷೇಪ, ಅದಕ್ಕೆ ಬಲವಾದ ಆಧಾರವೂ ಇದೆ. ಗೂಗಲ್ ಸಂಸ್ಥೆಯ ಮೂವರು ಸಂಶೋಧಕರು 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇಕಡಾ 56ಕ್ಕೂ ಹೆಚ್ಚಿನವು ಅತ್ಯಂತ ಪ್ರಬಲವೆಂದು ಗುರುತಿಸಲಾದ ನಾಲ್ಕು ಸೂಚಕಗಳಲ್ಲಿ ಒಂದರಲ್ಲೂ ಮುನ್ಸೂಚನೆ ಕೊಟ್ಟಿರಲಿಲ್ಲ. ಅಂದರೆ ಸಾಲುಗಳೆಲ್ಲ ಸೊನ್ನೆಯಾಗಿದ್ದ ಡಿಸ್ಕ್ ಕೂಡ ನಾಳೆ ಬೆಳಿಗ್ಗೆ ಸಾಯಬಹುದು. ಇದಲ್ಲದೆ ಕೆಲವು ತಯಾರಕರ ಡಿಸ್ಕ್‌ಗಳಲ್ಲಿ ಓದುವಿಕೆಯ ದೋಷದ ಸಾಲಿನ ಕಚ್ಚಾ ಸಂಖ್ಯೆ ಕೋಟಿಗಳಲ್ಲಿ ಇರುವುದೇ ಸಹಜ, ತಿಳಿಯದವನು ಅದನ್ನು ಕಂಡು ಹೌಹಾರುತ್ತಾನೆ. ಈ ಆಕ್ಷೇಪದ ಪ್ರತಿಯೊಂದು ಅಂಶವೂ ಸರಿ, ಆದರೆ ಅದರ ಪೆಟ್ಟು ಬೀಳುವುದು ಸಂಖ್ಯೆಗಳಿಗಿಂತ ಹೆಚ್ಚಾಗಿ ಆ ಒಂದು ಪದದ ಮೇಲೆ. ಮುನ್ಸೂಚನೆ ಇಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲ ಎನ್ನಲಾಗದು ಎಂಬುದೇ ಅಧ್ಯಯನದ ಪಾಠವಾದರೆ, ‘ಪಾಸ್ಡ್’ ಎಂಬ ಅಭಯ ನೀಡುವುದಕ್ಕೆ ಯಾವ ಆಧಾರವೂ ಉಳಿಯುವುದಿಲ್ಲ. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿದೆ: ತನ್ನ ಮೇಲ್ಮೈಯನ್ನು ತಾನೇ ಪರಿಶೀಲಿಸುವಾಗ ಮೊದಲ ದೋಷ ಕಾಣಿಸಿಕೊಂಡ ಡಿಸ್ಕ್, ಅಂಥ ದೋಷವಿಲ್ಲದ ಡಿಸ್ಕಿಗೆ ಹೋಲಿಸಿದರೆ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು. ಸೊನ್ನೆಯಿಂದ ಒಂದಕ್ಕೆ ಏರಿದ ಎಣಿಕೆ ಇಷ್ಟು ಗಂಭೀರವಾಗಿರುವಾಗ ಅದನ್ನು ಹಸಿರು ಗುರುತಿನ ಹಿಂದೆ ಅಡಗಿಸಿಡುವುದು ಬಳಕೆದಾರನಿಗೆ ಮಾಡುವ ಉಪಕಾರವಲ್ಲ, ಅನ್ಯಾಯ. ಸಂಖ್ಯೆ ಕಂಡವನು ತಪ್ಪು ತಿಳಿಯಬಹುದು, ಆದರೆ ತಿದ್ದಿಕೊಳ್ಳುವ ದಾರಿಯೂ ಅವನಿಗಿದೆ. 199ನೆಯ ಸಾಲು ಏರುತ್ತಿದ್ದರೆ ದೋಷ ಬಹುಮಟ್ಟಿಗೆ ಡಿಸ್ಕಿನದಲ್ಲ, ಅದನ್ನು ಮದರ್‌ಬೋರ್ಡಿಗೆ ಸೇರಿಸುವ ಕೇಬಲ್ಲಿನದು. ಇಷ್ಟನ್ನು ಓದಬಲ್ಲವನು ಒಳ್ಳೆಯ ಡಿಸ್ಕನ್ನು ಗುಜರಿಗೆ ಎಸೆಯದೆ ಕಡಿಮೆ ಬೆಲೆಯ ಕೇಬಲ್ ಬದಲಾಯಿಸಿ ಸುಮ್ಮನಾಗುತ್ತಾನೆ.

ತೀರ್ಪಿನ ಪದ ಎಷ್ಟು ಟೊಳ್ಳು ಎಂಬುದಕ್ಕೆ ಇತ್ತೀಚಿನ ಎರಡು ಪ್ರಕರಣಗಳು ಸಾಕು. 2019ರ ನವೆಂಬರ್‌ನಲ್ಲಿ ಎಚ್‌ಪಿ ಎಂಟರ್‌ಪ್ರೈಸ್ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳ ಬಗ್ಗೆ ಹೊರಡಿಸಿದ ಪ್ರಕಟಣೆಯಲ್ಲಿ, ಹಳೆಯ ಫರ್ಮ್‌ವೇರ್ (ಡ್ರೈವಿನೊಳಗಿನ ತಂತ್ರಾಂಶ) ಇರುವ ಆ ಡ್ರೈವ್‌ಗಳು ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಚಾಲನೆಯಲ್ಲಿದ್ದ ಮೇಲೆ ಸಂಪೂರ್ಣ ಕೆಟ್ಟುಹೋಗುತ್ತವೆ, ಡ್ರೈವನ್ನಾಗಲಿ ಅದರೊಳಗಿನ ಮಾಹಿತಿಯನ್ನಾಗಲಿ ಮರಳಿ ಪಡೆಯಲಾಗದು ಎಂದು ತಿಳಿಸಿತು. 2ರ 15ನೆಯ ಘಾತವೇ ಆ ಸಂಖ್ಯೆ, ಆದ್ದರಿಂದ ಇದು ಸವೆತವಲ್ಲ, ಎಣಿಕೆಯ ದೋಷ. ಒಂದೇ ದಿನ ಒಟ್ಟಿಗೆ ಅಳವಡಿಸಿದ ಡ್ರೈವ್‌ಗಳು ಒಟ್ಟಿಗೇ ಸಾಯುವುದರಿಂದ ಒಂದು ಕೆಟ್ಟರೆ ಇನ್ನೊಂದು ಉಳಿಸುತ್ತದೆ ಎಂಬ ರೈಡ್ ವ್ಯವಸ್ಥೆಯ ಭರವಸೆಯೂ ಇಲ್ಲಿ ಕೆಲಸಕ್ಕೆ ಬಾರದು. ಸಾಯುವ ಹಿಂದಿನ ಗಂಟೆಯವರೆಗೂ ಆ ಡ್ರೈವ್‌ನಲ್ಲಿ ಸವೆತದ ಯಾವ ಲಕ್ಷಣವೂ ಇರಬೇಕಾಗಿಲ್ಲ; ಗಂಟೆಗಳ ಎಣಿಕೆಯನ್ನು ಕೇಳಿ ನೋಡಿ ಫರ್ಮ್‌ವೇರ್ ಬದಲಾಯಿಸಿದವರು ಮಾತ್ರ ಉಳಿದುಕೊಳ್ಳಬಲ್ಲರು.

ಎರಡನೆಯದು 2025ರ ಜನವರಿಯದು. ಯೂರೋಪಿನಲ್ಲಿ ಹೊಸದೆಂದು ಮಾರಾಟವಾದ ಸೀಗೇಟ್ ಡಿಸ್ಕ್‌ಗಳ ಪೈಕಿ ಅನೇಕವು ಬಳಸಿ ಬಿಟ್ಟವು ಎಂಬುದನ್ನು ಜರ್ಮನಿಯ ಹೈಸೆ ಮಾಧ್ಯಮ ಸಂಸ್ಥೆ ಬಯಲಿಗೆಳೆಯಿತು. ಅವುಗಳ ಸ್ಮಾರ್ಟ್ ದಾಖಲೆಯಲ್ಲಿ ಗಂಟೆಗಳ ಎಣಿಕೆಯನ್ನು ಯಾರೋ ಸೊನ್ನೆಗೆ ಇಳಿಸಿದ್ದರು, ಹಾಗಾಗಿ ಡಿಸ್ಕ್ ಹೊಚ್ಚಹೊಸದಾಗಿ ಕಾಣುತ್ತಿತ್ತು. ಆದರೆ ಸೀಗೇಟ್ ತನ್ನ ಡಿಸ್ಕ್‌ಗಳಲ್ಲಿ ‘ಫಾರ್ಮ್’ ಎಂಬ ಇನ್ನೊಂದು ಒಳದಾಖಲೆಯನ್ನೂ ಇಟ್ಟಿರುತ್ತದೆ. ಸ್ಮಾರ್ಟ್‌ಸಿಟಿಎಲ್‌ನ ಹೊಸ ಆವೃತ್ತಿಗಳಲ್ಲಿ ಅದನ್ನು ಓದುವ ಆದೇಶವಿದೆ. ಹಾಗೆ ಓದಿದಾಗ 15,000ದಿಂದ 50,000 ಗಂಟೆಗಳವರೆಗಿನ ದುಡಿಮೆ ಕಾಣಿಸಿಕೊಂಡಿತು. ತಾನು ಆ ಡಿಸ್ಕ್‌ಗಳನ್ನು ಮಾರಿಲ್ಲವೆಂದು ತಯಾರಕ ಸಂಸ್ಥೆ ಹೇಳಿತು, ಅದು ಬೇರೆ ವಿಷಯ. ಪಹಣಿಯಲ್ಲಿ ಮಾರುವವನ ಹೆಸರಿದೆ ಎಂಬಷ್ಟಕ್ಕೇ ಕರ್ನಾಟಕದ ಯಾವ ರೈತನೂ ಜಮೀನು ಕೊಳ್ಳುವುದಿಲ್ಲ, ಋಣಭಾರ ಪತ್ರ ತೆಗೆಸುತ್ತಾನೆ, ಮ್ಯುಟೇಶನ್ ನೋಡುತ್ತಾನೆ, ಒಂದು ದಾಖಲೆಯನ್ನು ಇನ್ನೊಂದರ ಎದುರಿಗಿಟ್ಟು ತಾಳೆ ಹಾಕುತ್ತಾನೆ. ಎಲ್ಲ ಸರಿಯಿದೆ ಎಂಬ ಗುಮಾಸ್ತನ ಬಾಯಿಮಾತಿಗೆ ದುಡ್ಡು ಕೊಡುವುದಿಲ್ಲ. ಡಿಸ್ಕಿನ ವಿಷಯದಲ್ಲಿ ಮಾತ್ರ ಅದೇ ಸಮಾಜ ಒಂದು ಹಸಿರು ಚುಕ್ಕೆಗೆ ತಲೆದೂಗಬೇಕೆಂದು ಅಪೇಕ್ಷಿಸುವುದಕ್ಕೆ ಕಾರಣ ಕಾಣದು.

ಕಮಾಂಡ್ ಲೈನ್ ಅಪಾಯಕಾರಿ ಎಂಬ ವಾದವನ್ನೂ ತಳ್ಳಿಹಾಕಲಾಗದು. ಡಿಸ್ಕಿನ ಹೆಸರಿನಲ್ಲಿ ‘ಎ’ ಇರಬೇಕಾದ ಕಡೆ ‘ಬಿ’ ಟೈಪ್ ಮಾಡಿ, ಒಂದು ಡಿಸ್ಕಿನ ಪ್ರತಿಯನ್ನು ಇನ್ನೊಂದರ ಮೇಲೆ ಬರೆಯುವ ‘ಡಿಡಿ’ ಆದೇಶ ಕೊಟ್ಟವನ ಕಡತಗಳೆಲ್ಲ ಎಚ್ಚರಿಕೆಯ ಒಂದು ಮಾತೂ ಇಲ್ಲದೆ ಅಳಿದುಹೋಗುತ್ತವೆ. ಲಿನಕ್ಸ್‌ನಲ್ಲಿ ಆ ಅಕ್ಷರಗಳು ಯಂತ್ರ ಮತ್ತೆ ಆರಂಭವಾದಾಗ ಅದಲುಬದಲಾಗುವ ಸಾಧ್ಯತೆಯೂ ಇದೆ. ಸ್ಮಾರ್ಟ್‌ಸಿಟಿಎಲ್ ಬರೀ ಓದುವ ಕೆಲಸಕ್ಕೂ ಸಾಮಾನ್ಯವಾಗಿ ಆಡಳಿತಾಧಿಕಾರ ಬೇಡುತ್ತದೆ ಎಂಬುದು ಇಲ್ಲಿ ಒಪ್ಪಬೇಕಾದ ಕೊರತೆ, ಏಕೆಂದರೆ ನೋಡಲು ಬಂದವನ ಕೈಗೆ ಮನೆಯ ಎಲ್ಲ ಬೀಗದ ಕೈಗಳನ್ನೂ ಕೊಟ್ಟಂತಾಗುತ್ತದೆ. ಆದರೆ ಕೇಳುವ ಆದೇಶ ಬೇರೆ, ಮಾಡುವ ಆದೇಶ ಬೇರೆ. ಮೊದಲನೆಯ ಗುಂಪಿನ ಕೆಲವನ್ನು ಕಲಿಸುವುದಕ್ಕೆ ಎರಡನೆಯ ಗುಂಪಿನ ಭಯ ಅಡ್ಡಿಯಾಗಬೇಕಾಗಿಲ್ಲ. ಕಪ್ಪು ಪರದೆ ಹ್ಯಾಕರ್‌ಗಳ ಸೊತ್ತು ಎನ್ನುವವರದು ಸಿನಿಮಾ ನೋಡಿ ಕಲಿತ ಭಯ. ಎಲ್ಲವನ್ನೂ ಕೃತಕ ಬುದ್ಧಿಮತ್ತೆಯನ್ನೇ ಕೇಳಿದರಾಯಿತು ಎನ್ನುವವರು, ಉತ್ತರ ಹೇಳಲು ಅದಕ್ಕೂ ಈ ಸಾಲುಗಳೇ ಬೇಕೆಂಬುದನ್ನು ಮರೆತಿರುತ್ತಾರೆ.

ಕಿಟಕಿಯಲ್ಲಿ ಬಂದದ್ದೆಲ್ಲ ಟೊಳ್ಳು, ಕಮಾಂಡ್ ಲೈನ್‌ನಲ್ಲಿ ಬಂದದ್ದೆಲ್ಲ ಗಟ್ಟಿ ಎಂಬುದು ಇದರ ಅರ್ಥವಲ್ಲ. ಮೈಕ್ರೋಸಾಫ್ಟ್ 2021ರಲ್ಲಿ ಹಳತೆಂದು ಬದಿಗಿಟ್ಟ ‘ಡಬ್ಲ್ಯುಎಂಐಸಿ’ ಎಂಬ ವಿಂಡೋಸ್ ಆದೇಶದಲ್ಲಿ ಡಿಸ್ಕಿನ ಸ್ಥಿತಿ ಕೇಳಿದರೆ ಮಾಮೂಲಾಗಿ ಬರುತ್ತಿದ್ದ ಉತ್ತರ ‘ಓಕೆ’ ಎಂಬ ಎರಡಕ್ಷರ. ಅದೂ ಹಸಿರು ಚುಕ್ಕೆಯೇ, ಬಣ್ಣವಿಲ್ಲದ್ದು ಅಷ್ಟೆ. ಮ್ಯಾಕ್‌ನ ‘ಡಿಸ್ಕ್‌ಯುಟಿಲ್’ ಹೇಳುವ ‘ವೆರಿಫೈಡ್’ ಎಂಬ ಪದವೂ ಅದೇ ಜಾತಿಯದು. ಇದಕ್ಕೆ ವಿರುದ್ಧವಾಗಿ ಜಪಾನಿನಿಂದ ಬಂದ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಕಿಟಕಿಯ ತಂತ್ರಾಂಶ ತೀರ್ಪಿನ ಬಣ್ಣದ ಕೆಳಗೆ ಎಲ್ಲ ಸಾಲುಗಳನ್ನೂ ತೆರೆದಿಡುತ್ತದೆ, ಅದರಿಂದ ಬಳಕೆದಾರನಿಗೆ ನಷ್ಟವೇನಿಲ್ಲ. ಆದರೂ ಆದೇಶದ ಉತ್ತರ ಬರೀ ಪಠ್ಯವಾಗಿರುವುದರಿಂದ ಅದನ್ನು ದಿನಾಂಕ ಹಾಕಿ ಕಡತವೊಂದರಲ್ಲಿ ಇಡಬಹುದು, ಮೂರು ತಿಂಗಳ ಹಿಂದಿನ ಉತ್ತರದ ಪಕ್ಕದಲ್ಲಿಟ್ಟು ಯಾವ ಸಂಖ್ಯೆ ಏರಿದೆ ನೋಡಬಹುದು, ತಿಳಿದವರಿಗೆ ಕಳಿಸಬಹುದು. ಡಿಸ್ಕಿನ ವಿಷಯದಲ್ಲಿ ಇಂದಿನ ಸಂಖ್ಯೆಗಿಂತ ಅದು ಏರಿದ ರೀತಿಯೇ ಹೆಚ್ಚು ಹೇಳುತ್ತದೆ, ಆದ್ದರಿಂದ ಈ ಅನುಕೂಲ ಸಣ್ಣದಲ್ಲ.

ಉಳಿಯುವುದು ಭಾಷೆಯ ತೊಡಕು. ಕಿಟಕಿಯ ತಂತ್ರಾಂಶವನ್ನು ಕನ್ನಡಕ್ಕೆ ತರಬಹುದು, ಆದೇಶಗಳೂ ಅವುಗಳ ಉತ್ತರಗಳೂ ಇಂಗ್ಲಿಷಿನಲ್ಲೇ ಉಳಿಯುತ್ತವೆ, ಹೀಗಾಗಿ ಕಮಾಂಡ್ ಲೈನ್ ಕನ್ನಡದ ಬಳಕೆದಾರನನ್ನು ಇನ್ನಷ್ಟು ದೂರವಿಡುತ್ತದೆ ಎಂಬ ಮಾತಿನಲ್ಲಿ ತಥ್ಯವಿದೆ. ಆದರೆ ಕನ್ನಡದಲ್ಲಿ ‘ಚೆನ್ನಾಗಿದೆ’ ಎಂದು ಬರೆದ ಹಸಿರು ಗುರುತು ಬಳಕೆದಾರನನ್ನು ಅಷ್ಟೇ ಅಜ್ಞಾನದಲ್ಲಿಡುತ್ತದೆ. ಬೇಕಾಗಿರುವುದು ಐದಾರು ಸಾಲುಗಳ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಪುಟ. ಕನ್ನಡದಲ್ಲಿ ಗಣಕ ಪುಸ್ತಕ ಬರೆಯುವವರೂ ಕಾಲೇಜಿನ ಕಂಪ್ಯೂಟರ್ ಅಧ್ಯಾಪಕರೂ ಇದನ್ನು ಕೈಗೆತ್ತಿಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಡಿಸ್ಕ್ ಕೊಳ್ಳಲು ಹೋದವನು ಅಂಗಡಿಯ ಕಂಪ್ಯೂಟರಿನಲ್ಲೇ 5, 9, 197ನೆಯ ಸಾಲುಗಳನ್ನೂ, ಸೀಗೇಟ್ ಆಗಿದ್ದರೆ ಫಾರ್ಮ್ ದಾಖಲೆಯನ್ನೂ ನೋಡಿಕೊಂಡು ಬರಲು ಐದು ನಿಮಿಷ ಸಾಕು. ನೋಡಲು ಬಿಡದ ಅಂಗಡಿಯಲ್ಲಿ ಡಿಸ್ಕ್ ಕೊಳ್ಳಬಾರದು.