ಬಾಗಿಲು ಹಾಕಿದವನೂ ಬೇಲಿ ಮುರಿದವನೂ ಒಂದೇ ಅಲ್ಲ

ಅಮೆರಿಕದ ರಿಪಬ್ಲಿಕನ್ ಧುರೀಣರು ಒಂದು ಒಪ್ಪಂದ ಹರಿದು ಎಸೆದರೆ ಸಾಕು, 'ಅಮೆರಿಕ ಜಗತ್ತಿನಿಂದ ದೂರ ಸರಿಯಿತು' ಅಂತ ಪೇಟೆಯ ಪಂಡಿತರು ಬರೆದುಬಿಡುತ್ತಾರೆ. ರೈತ ಬಂಧುಗಳೇ, ಇದು ಶುದ್ಧ ತಪ್ಪು. ಊರ ಉಸಾಬರಿ ಬೇಡವೆಂದು ಬಾಗಿಲು ಹಾಕಿಕೊಂಡವನು ಬೇರೆ. ಪಂಚಾಯ್ತಿ ಮಾತು ಕೇಳೋದಿಲ್ಲ, ಆದರೆ ಎಲ್ಲರ ಹೊಲಕ್ಕೂ ದನ ನುಗ್ಗಿಸ್ತೀನಿ ಅನ್ನುವವನು ಬೇರೆ. ಮೊದಲನೆಯದು ಪ್ರತ್ಯೇಕತಾ ನೀತಿ, ಎರಡನೆಯದು ಏಕಪಕ್ಷೀಯ ನೀತಿ.

ಆ ಪಾಳಯದಲ್ಲಿ ಬಾಗಿಲು ಹಾಕುವವರು ನಿಜವಾಗಿಯೂ ಇದ್ದರು. ಸೆನೆಟರ್ ರಾಬರ್ಟ್ ಟಾಫ್ಟ್ 1949ರಲ್ಲಿ ನ್ಯಾಟೋ ಒಪ್ಪಂದದ ವಿರುದ್ಧ ಮತ ಹಾಕಿದರು. ಪ್ಯಾಟ್ ಬುಕಾನನ್ 1991ರ ಕೊಲ್ಲಿ ಯುದ್ಧವನ್ನೂ 2003ರ ಇರಾಕ್ ಯುದ್ಧವನ್ನೂ ವಿರೋಧಿಸಿದರು. ನಾವು ಒಪ್ಪಲಿ ಬಿಡಲಿ, ಈ ವಿಷಯದಲ್ಲಿ ಅವರ ಮಾತಿಗೂ ನಡತೆಗೂ ತಾಳೆ ಇತ್ತು.

ಇನ್ನೊಂದು ಗುಂಪು ನೋಡಿ. 1919-20ರಲ್ಲಿ ರಾಷ್ಟ್ರಸಂಘ ಸೇರುವ ಒಪ್ಪಂದವನ್ನು ಸೆನೆಟ್ ತಿರಸ್ಕರಿಸಿತು. ಅದರ ಮುಂದಾಳು ಹೆನ್ರಿ ಕ್ಯಾಬಟ್ ಲಾಡ್ಜ್. 1898ರಲ್ಲಿ ಸ್ಪೇನಿನ ಮೇಲೆ ಯುದ್ಧ ಬೇಕೆಂದವರು, ಫಿಲಿಪ್ಪೀನ್ಸ್ ನುಂಗಬೇಕೆಂದವರು ಇದೇ ಲಾಡ್ಜ್! ಅವರಿಗೆ ಬೇಡವಾಗಿದ್ದು ಜಗತ್ತಲ್ಲ, ಮೂಗುದಾರ. ಕಿರಿಯ ಜಾರ್ಜ್ ಬುಷ್ ಮಾಡಿದ್ದೂ ಅದನ್ನೇ. 2002ರಲ್ಲಿ ರಷ್ಯದೊಂದಿಗಿದ್ದ ಕ್ಷಿಪಣಿ ನಿರೋಧಕ ಒಪ್ಪಂದ ಬಿಟ್ಟರು. 2003ರಲ್ಲಿ ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ, ಬ್ರಿಟನ್ನಿನಂಥ ಕೆಲವರನ್ನು ಕಟ್ಟಿಕೊಂಡು ಇರಾಕಿಗೆ ನುಗ್ಗಿದರು.

'ಅಮೆರಿಕ ಮೊದಲು' ಎಂಬುದು 1940ರಲ್ಲಿ ಯುದ್ಧಕ್ಕೆ ಇಳಿಯಬೇಡಿ ಎಂದವರ ಸಮಿತಿಯ ಹೆಸರು. ಅದೇ ಹೆಸರು ಎತ್ತಿಕೊಂಡ ಟ್ರಂಪ್ 2018ರಲ್ಲಿ ಇರಾನಿನ ಅಣು ಒಪ್ಪಂದ ಮುರಿದರು; 2025ರ ಜೂನಿನಲ್ಲಿ ಅದೇ ಇರಾನಿನ ಮೇಲೆ ಬಾಂಬು ಹಾಕಿಸಿದರು. ಇದು ಬಾಗಿಲು ಹಾಕಿಕೊಂಡವನ ಲಕ್ಷಣವೇ?

ವ್ಯಾಪಾರದಲ್ಲೂ ಇದೇ ಕಥೆ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ ಸದಸ್ಯರ ನೇಮಕವನ್ನು ಅಮೆರಿಕ ತಡೆಯಿತು. 2019ರ ಡಿಸೆಂಬರಿನಲ್ಲಿ ಪೀಠದ ಕೆಲಸವೇ ನಿಂತುಹೋಯಿತು. 2025ರ ಆಗಸ್ಟಿನಲ್ಲಿ ಭಾರತದ ಅನೇಕ ಸರಕುಗಳ ಮೇಲೆ ಶೇಕಡಾ 50ರಷ್ಟು ಸುಂಕ ಹೇರಿತು. ಹೊಡೆದವನೂ ಅವನೇ, ಕಚೇರಿಗೆ ಬೀಗ ಹಾಕಿದವನೂ ಅವನೇ!

ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಬಾಗಿಲು ಹಾಕಿಕೊಂಡವನನ್ನು 'ಹೊರಗೆ ಬಾರಪ್ಪಾ' ಅಂತ ಕರೆದರೆ ಸರಿ. ಬೇಲಿ ಮುರಿದವನನ್ನೂ ಹಾಗೇ ಕರೆದರೆ ಉಳಿದ ಪೈರೂ ಹೋದೀತು. ಅವನಿಗೆ ಬೇಕಾದದ್ದು ಕರೆಯೋಲೆಯಲ್ಲ. ಬೇಲಿ ಕಳೆದುಕೊಂಡ ದೇಶಗಳೆಲ್ಲ ಒಂದಾಗಿ ನಿಂತು ಪಂಚಾಯ್ತಿ ಕೂಡಿಸಬೇಕು, ಅವನ ದನವನ್ನು ದೊಡ್ಡಿಗೆ ಹೊಡೆಯಬೇಕು.